ಥಾರ್ಲಿ ಮೂರನೆಯದು

ನೆವಿಲ್ ಹೇಗ್ ಹಾಕಿಕೊಟ್ಟ ಯೋಜನೆಯಲ್ಲಿ ತಪ್ಪು ಹುಡುಕುವ ಅಭ್ಯಾಸ ಆ ಮೇಜಿನಲ್ಲಿ ಯಾರಿಗೂ ಇರಲಿಲ್ಲ. ಪ್ರತಿ ಮಾರ್ಚಿನಲ್ಲಿ, ಹಾರ್ಡ್‌ಕ್ಲಫ್ ಊರಿನ ವೀವರ್ಸ್ ಪಬ್ಬಿನ ಹಿಂದಿನ ಕೋಣೆಯಲ್ಲಿ, ಅವನು ಒಂದು ಹಾಳೆ ಮುಂದಿಡುತ್ತಿದ್ದ. ಯಾವ ರೈಲು, ಎಲ್ಲಿ ಇಳಿಯುವುದು, ಯಾವ ಪಬ್ಬಿನಲ್ಲಿ ಎಷ್ಟು ಹೊತ್ತು ಕೂರುವುದು ಎಲ್ಲ ಅದರಲ್ಲಿರುತ್ತಿತ್ತು. ಉಳಿದ ಮೂವರು ತಲೆಯಾಡಿಸಿ ಮಾತು ಬದಲಿಸುತ್ತಿದ್ದರು. ಏಪ್ರಿಲ್‌ನ ಒಂದು ಶನಿವಾರ ಕಣಿವೆಯ ರೈಲು ಹತ್ತಿ ಹಳೆಯ ಪಬ್ಬುಗಳನ್ನು ಸುತ್ತಿ ಬರುವುದು ಅವರ ಪದ್ಧತಿ. ನೆವಿಲ್ ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುತ್ತಿದ್ದವನು. ಅವನು ಹೇಳಿದ ಸಮಯವನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ.

ಈ ಸಲ ಸಗ್ಡನ್ ನೋಡಿದ.

“ಇದೇನಯ್ಯ ಇದು? ಕ್ರಾಗ್‌ಫೂಟ್ ಆದ್ಮೇಲೆ ಥಾರ್ಲಿ ಬರುತ್ತೆ. ನೀನು ಥಾರ್ಲಿ ದಾಟಿ ಸ್ಕೌಟನ್‌ಗೆ ಹೋಗ್ತಿದೀಯ. ಆಮೇಲೆ ಹಿಂದಕ್ಕೆ ಬಂದು ಥಾರ್ಲೀಲಿ ಇಳೀತೀಯ. ಮುಂಬಾಗಿಲು ಬಿಟ್ಟು ಹಿತ್ತಲು ಸುತ್ತಿ ಒಳಗೆ ಬಂದ ಹಾಗಿದೆ.”

“ವಾಪಸ್ ಬರೋ ದಾರೀಲೇ ಇದೆಯಲ್ಲ,” ಎಂದ ನೆವಿಲ್.

“ಹೋಗೋ ದಾರೀಲೂ ಇದೆ.”

ಸಗ್ಡನ್ ಕೊಳಾಯಿ ಕೆಲಸದವನು. ಈಗ ಮಗನಿಗೆ ವ್ಯಾಪಾರ ಬಿಟ್ಟುಕೊಟ್ಟಿದ್ದರೂ ಎಲ್ಲಿ ನೀರು ಸೋರುತ್ತಿದೆ ಎಂದು ಹುಡುಕುವ ಕಣ್ಣು ಹಾಗೇ ಇತ್ತು. ಅವನೂ ನೆವಿಲ್ಲೂ ಒಂದೇ ಶಾಲೆಯ ಒಂದೇ ಬೆಂಚಿನವರು. ಪಕ್ಕದಲ್ಲಿ ಕೂತಿದ್ದ ಲೆನ್, ಎಲ್ಲರಿಗಿಂತ ಹಿರಿಯ, ಕಡಲೆಕಾಯಿ ಪೊಟ್ಟಣ ಬಿಡಿಸುವುದರಲ್ಲಿ ಮುಳುಗಿದ್ದ. ಉಣ್ಣೆ ಅಂಗಡಿ ನಡೆಸಿದ್ದ ಡೋರೀನ್ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡುತ್ತಿದ್ದಳು.

“ಥಾರ್ಲೀಲಿ ಬೇ ಹಾರ್ಸ್ ಪಬ್ಬು ಬಾಗಿಲು ತೆಗೆಯೋದೇ ಎರಡು ಗಂಟೆಗೆ,” ಎಂದ ನೆವಿಲ್. “ಮೊದಲೇ ಹೋದ್ರೆ ಹೊರಗೆ ನಿಂತು ಕುರಿ ಎಣಿಸಬೇಕು.”

“ಎರಡು ಗಂಟೆಗಾ? ಯಾವಾಗಿಂದ?”

“ಈ ಚಳಿಗಾಲದಿಂದ.”

ಇದು ಸುಳ್ಳು. ಬೇ ಹಾರ್ಸ್ ಹನ್ನೆರಡಕ್ಕೇ ತೆರೆಯುತ್ತಿತ್ತು. ನೆವಿಲ್ ತನ್ನ ಜೀವಮಾನದಲ್ಲಿ ಹೇಳಿದ ಮೊದಲ ತಪ್ಪು ಸಮಯ ಅದು.

ಸಗ್ಡನ್ ಜೇಬಿನಿಂದ ಫೋನ್ ತೆಗೆದ. “ಒಂದ್ನಿಮಿಷ. ಕೇಳೇಬಿಡೋಣ ಬೇ ಹಾರ್ಸ್ ನಡೆಸೋ ಆ ಬೋಮಾಂಟಮ್ಮನ್ನ.”

“ಇಡೋ ಫೋನು,” ಎಂದಳು ಡೋರೀನ್. “ನೆವಿಲ್ ಯಾವತ್ತಾದ್ರೂ ತಪ್ಪು ಟೈಮ್ ಹೇಳಿದಾನಾ? ನೀನು ಹೋದ ವರ್ಷ ನಮ್ಮನ್ನ ತಪ್ಪು ಪ್ಲಾಟ್‌ಫಾರಮ್ಮಲ್ಲಿ ನಿಲ್ಲಿಸಿದವನು.”

“ಅದು ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ.”

“ನಿಲ್ಲಿಸಿದ್ದು ನಿಜ ತಾನೆ.”

ಸಗ್ಡನ್ ಫೋನನ್ನು ಮೇಜಿನ ಮೇಲೆ ಕವುಚಿಟ್ಟ. ಆದರೆ ಹಾಳೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. “ಸರಿ. ಇನ್ನೊಂದು ವಿಷಯ. ಇವತ್ತು ಬಂದಾಗಿಂದ ನೋಡ್ತಿದೀನಿ. ನೀನ್ಯಾವಾಗಿಂದ ಮೈಲ್ಡ್ ಕುಡಿಯೋಕೆ ಶುರು ಮಾಡಿದ್ದು?”

ನೆವಿಲ್ ಮುಂದೆ ಕಪ್ಪು ಪಾನೀಯದ ಗ್ಲಾಸಿತ್ತು. ಉಳಿದ ಮೂವರದು ಎಂದಿನ ಹೊಂಬಣ್ಣದ ಬಿಯರು, ಬಿಟರ್. ಮೈಲ್ಡ್ ಎಂದರೆ ಗಿರಣಿಗಳಿದ್ದ ಕಾಲದಲ್ಲಿ ಮುದುಕರು ಕುಡಿಯುತ್ತಿದ್ದ ಕಪ್ಪು ಬಿಯರು. ಈಗ ಕೇಳುವವರು ಕಡಿಮೆ.

“ಬಿಟರ್ ಕುಡಿದ್ರೆ ಹೊಟ್ಟೆ ಉರಿ,” ಎಂದ ನೆವಿಲ್. “ವಯಸ್ಸಾಯ್ತು.”

“ನನಗಿಂತ ನೀನು ಎರಡು ತಿಂಗಳು ದೊಡ್ಡವನು ಅಷ್ಟೇ ಕಣೋ.”

“ಆ ಎರಡು ತಿಂಗಳಲ್ಲೇ ಉರಿ ಶುರುವಾಗಿದ್ದು.”

ಲೆನ್ ಕಡಲೆಕಾಯಿ ಬಾಯಲ್ಲಿಟ್ಟುಕೊಂಡೇ ನಕ್ಕ. ಮಾತು ಅಲ್ಲಿಗೆ ನಿಂತಿತು. ಯೋಜನೆ ಒಪ್ಪಿಗೆಯಾಯಿತು: ಮೊದಲು ಕ್ರಾಗ್‌ಫೂಟ್, ಆಮೇಲೆ ಸ್ಕೌಟನ್, ಮೂರನೆಯದು ಥಾರ್ಲಿ, ಕೊನೆಗೆ ಮತ್ತೆ ವೀವರ್ಸ್.

ನೆವಿಲ್ ಗ್ಲಾಸಿನಲ್ಲಿದ್ದದ್ದು ಮೈಲ್ಡ್ ಅಲ್ಲ. ಮದ್ಯವಿಲ್ಲದ ಕಪ್ಪು ಬಿಯರು. ವೀವರ್ಸ್‌ನ ಯಜಮಾನ ಗ್ಲೆನ್ ಅದನ್ನು ಕೌಂಟರಿನ ಕೆಳಗೆ ಡಬ್ಬಿ ಒಡೆದು ಸುರಿದಿದ್ದ. ಹಾಗೆ ಮಾಡುವಂತೆ ನೆವಿಲ್ ಹಿಂದಿನ ದಿನ ಬೆಳಿಗ್ಗೆ ಬಂದು ಕೇಳಿಕೊಂಡಿದ್ದ.

ಕಾರಣ ಹೋದ ಶರತ್ಕಾಲದ್ದು. ಹೆಂಡತಿ ತೀರಿಕೊಂಡ ಮೇಲೆ ಅವನ ದಿನಕ್ಕೆ ಒಂದು ಆಕಾರ ಕೊಡುತ್ತಿದ್ದದ್ದು ಮೊಮ್ಮಗಳು ಎಫೀ. ಮಗಳು ಬೆವರ್ಲಿ ಆಸ್ಪತ್ರೆಯಲ್ಲಿ ಪಾಳಿ ಕೆಲಸದಲ್ಲಿರುವಾಗ ಎಫೀಯನ್ನು ಶಾಲೆಯಿಂದ ಕರೆದುಕೊಂಡು ಬರುವುದು, ಬೆಣ್ಣೆ ಹಚ್ಚಿದ ಬ್ರೆಡ್ಡು ಕೊಟ್ಟು ಅಕ್ಷರ ಓದಿಸುವುದು ಅವನ ಪಾಲಿನ ಕೆಲಸ. ಒಂದು ಗುರುವಾರ ಅವನು ವೀವರ್ಸ್‌ನಿಂದ ನೇರ ಶಾಲೆಯ ಗೇಟಿಗೆ ಹೋದ. ಟೀಚರು ಅವನ ಮುಖ ನೋಡಿದಳು, ಹತ್ತಿರ ಬಂದು ವಾಸನೆ ಹಿಡಿದಳು, ಮಗುವನ್ನು ಕೊಡಲಿಲ್ಲ. ಉಳಿದ ತಾಯಂದಿರೆಲ್ಲ ನೋಡುತ್ತಿರುವಾಗಲೇ ಬೆವರ್ಲಿಗೆ ಫೋನ್ ಹೋಯಿತು.

ಮಗಳು ಕೂಗಾಡಲಿಲ್ಲ. ಆ ರಾತ್ರಿ ಅಡುಗೆಮನೆಯಲ್ಲಿ ಎದುರು ಕೂತು ಹೇಳಿದಳು: “ಈಸ್ಟರ್ ರಜೆ ಮುಗಿಯೋವರೆಗೂ ಒಂದು ತೊಟ್ಟೂ ಮುಟ್ಟಬಾರದು, ಅಪ್ಪ. ಮುಟ್ಟದೆ ಇದ್ರೆ ಶಾಲೆ ಶುರುವಾದ ಸೋಮವಾರದಿಂದ ನೀನೇ ಅವಳನ್ನ ಕರ್ಕೊಂಡು ಬಾ. ಮುಟ್ಟಿದ್ರೆ ಆ ಮಾತು ಮತ್ತೆ ಎತ್ತಬೇಡ. ನಾನು ನಿನ್ನ ಬಾಯಿ ಮೂಸಿ ನೋಡೋಕೆ ಬರಲ್ಲ. ಕುಡಿದ್ರೆ ನೀನೇ ಬಂದು ಹೇಳಬೇಕು.”

ಅವನು ಮುಟ್ಟಿರಲಿಲ್ಲ. ಪ್ರವಾಸದ ಶನಿವಾರ ಬರುವುದು ರಜೆಯ ಕೊನೆಯ ವಾರಾಂತ್ಯಕ್ಕೆ. ಅದು ದಾಟಿದರೆ ಸೋಮವಾರ.

ಇದನ್ನು ಗೆಳೆಯರಿಗೆ ಹೇಳಬಹುದಿತ್ತು. ಹೇಳದಿರಲು ಅವನಿಗಿದ್ದ ಕಾರಣದ ಹೆಸರು ಕ್ಲೈವ್. ಒಂದು ಕಾಲದಲ್ಲಿ ಅವರು ಐವರಿದ್ದರು. ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲೈವ್ ಒಂದು ಪ್ರವಾಸಕ್ಕೆ ಬಂದು ಕಿತ್ತಳೆ ರಸ ಕುಡಿದ. ಅವನಿಗೆ ‘ಪಾಪು’ ಎಂದು ಹೆಸರಿಟ್ಟದ್ದು ಸಗ್ಡನ್, ಎಲ್ಲರಿಗಿಂತ ಜೋರಾಗಿ ನಕ್ಕದ್ದು ನೆವಿಲ್. ಈ ಕಡೆ ಪಬ್ಬಿನಲ್ಲಿ ಪ್ರತಿಯೊಬ್ಬನೂ ತನ್ನ ಸರದಿ ಬಂದಾಗ ಎಲ್ಲರಿಗೂ ತಂದುಕೊಡುತ್ತಾನೆ. ಕ್ಲೈವ್ ಎರಡನೇ ಪಬ್ಬಿನ ಹೊತ್ತಿಗೆ, ನನ್ನದು ನಾನೇ ತಗೋತೀನಿ ಬಿಡಿ ಎಂದ. ಸರಿ ಎಂದು ಬಿಟ್ಟರು. ಮುಂದಿನ ವರ್ಷ ಅವನು ಬರಲಿಲ್ಲ. ಯಾಕೆ ಎಂದು ಯಾರೂ ಫೋನ್ ಮಾಡಲಿಲ್ಲ.

ಹಾಗಾಗಿ ನೆವಿಲ್ ಯೋಜನೆ ಹಾಕಿದ. ಮೈಲ್ಡ್ ಕುಡಿಯುವವನು ಮೇಜಿನಲ್ಲಿ ತಾನೊಬ್ಬನೇ ಆದರೆ, ಯಾರು ಹೋಗಿ ‘ಮೂರು ಬಿಟರ್, ಒಂದು ಮೈಲ್ಡ್’ ಎಂದರೂ ಆ ಒಂದು ತನ್ನದೇ. ಪ್ರತಿ ಪಬ್ಬಿನ ಯಜಮಾನನಿಗೂ ಮೊದಲೇ ಹೇಳಿಟ್ಟರೆ ಆ ಒಂದು ಗ್ಲಾಸಿಗೆ ಕಪ್ಪು ಡಬ್ಬಿ ಸುರಿಯುತ್ತಾನೆ. ವೀವರ್ಸ್‌ನ ಗ್ಲೆನ್ ಒಪ್ಪಿದ. ಕ್ರಾಗ್‌ಫೂಟ್‌ನ ಶೆಫರ್ಡ್ಸ್‌ನವನು ಒಪ್ಪಿದ. ಸ್ಕೌಟನ್‌ನ ಫ್ಲೀಸ್‌ನವಳು ನಕ್ಕು, ನನ್ನ ಗಂಡನೂ ಹೀಗೇ ಮಾಡಿದ್ದ ಎಂದು ಒಪ್ಪಿದಳು.

ಥಾರ್ಲಿಯ ಮಿಸೆಸ್ ಬೋಮಾಂಟ್ ಒಪ್ಪಲಿಲ್ಲ.

“ನೋಡಿ ಮಿಸ್ಟರ್ ಹೇಗ್,” ಎಂದಳು ಫೋನಿನಲ್ಲಿ. “ನಮ್ಮ ನೆಲಮಾಳಿಗೇಲಿ ಮೈಲ್ಡ್ ಪೀಪಾಯಿ ಇದೆ. ಚೆನ್ನಾಗಿ ನೋಡ್ಕೊಂಡಿದೀನಿ. ಯಾರಾದ್ರೂ ಬಂದು ಮೈಲ್ಡ್ ಕೇಳಿದ್ರೆ ಮೈಲ್ಡೇ ಕೊಡ್ತೀನಿ. ಒಂದು ಹೇಳಿ ಇನ್ನೊಂದು ಕೊಡೋದು ನನ್ನ ಕೈಲಾಗಲ್ಲ. ಕಾನೂನೂ ಬಿಡಲ್ಲ.”

“ನನಗೆ ಮಾತ್ರ ಅಲ್ವಾ. ನಾನೇ ಕೇಳ್ತಿದೀನಲ್ಲ.”

“ನೀವು ಕೇಳಿದ್ರೆ ಕೊಡ್ತೀನಿ. ನೀವೇ ಬಂದು, ನನ್ನ ಮುಖ ನೋಡಿ, ಮದ್ಯ ಇಲ್ಲದ್ದು ಕೊಡಿ ಅನ್ನಿ. ಬೇರೆಯವರು ದುಡ್ಡು ಕೊಟ್ಟು ಮೈಲ್ಡ್ ಕೇಳಿದಾಗ ಅವರಿಗೆ ಮೋಸ ಮಾಡಲ್ಲ.”

ಥಾರ್ಲಿಯನ್ನು ಬಿಡುವ ಹಾಗಿರಲಿಲ್ಲ. ಕಣಿವೆಯಲ್ಲಿ ಉಳಿದಿರುವುದೇ ಬೆರಳೆಣಿಕೆಯ ಹಳೆಯ ಪಬ್ಬುಗಳು. ಬೇ ಹಾರ್ಸ್ ಇಲ್ಲದ ಪ್ರವಾಸ ಎಂದರೆ ಸಗ್ಡನ್ ಕಾರಣ ಕೆದಕುತ್ತಿದ್ದ. ಆದರೆ ಸರದಿ ಅವರಲ್ಲಿ ವಯಸ್ಸಿನ ಪ್ರಕಾರ. ಮೊದಲು ಲೆನ್, ಆಮೇಲೆ ಡೋರೀನ್, ಮೂರನೆಯವನು ನೆವಿಲ್, ಕೊನೆಗೆ ಸಗ್ಡನ್. ಅದು ಯಾವತ್ತೂ ಬದಲಾಗಿರಲಿಲ್ಲ. ಥಾರ್ಲಿ ಮೂರನೆಯ ಪಬ್ಬಾದರೆ ಕೌಂಟರಿಗೆ ಹೋಗುವವನು ಅವನೇ. ಆದ್ದರಿಂದ ಥಾರ್ಲಿ ಮೂರನೆಯದಾಗಲೇಬೇಕಿತ್ತು.

*

ಶನಿವಾರ ಮೋಡ ಮುಚ್ಚಿತ್ತು, ಮಳೆ ಇರಲಿಲ್ಲ. ಎರಡು ಡಬ್ಬಿಯ ಕಣಿವೆ ರೈಲಿನಲ್ಲಿ ನಾಲ್ವರಿಗೂ ಎದುರು ಬದುರು ಸೀಟು ಸಿಕ್ಕಿತು. ಬೆವರ್ಲಿ ಬೆಳಿಗ್ಗೆ ಫೋನ್ ಮಾಡಿದ್ದಳು. “ಹೋಗಲೇಬೇಕಾ ಅಪ್ಪ?” ಎಂದಷ್ಟೇ ಕೇಳಿದ್ದಳು. ಹಿಂದಿನಿಂದ ಎಫೀ, “ತಾತ ಸೋಮವಾರ ಬರ್ತಾರಾ?” ಎನ್ನುತ್ತಿದ್ದದ್ದು ಅವನಿಗೆ ಕೇಳಿಸಿತ್ತು. ಬೆವರ್ಲಿ ಅದಕ್ಕೆ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ.

ಕ್ರಾಗ್‌ಫೂಟ್‌ನಲ್ಲಿ ಲೆನ್‌ನ ಸರದಿ. ಶೆಫರ್ಡ್ಸ್‌ನ ಯಜಮಾನ ಪಂಪಿನ ಹಿಡಿ ಎಳೆದು ಮೂರು ಬಿಟರ್ ತುಂಬಿಸಿ, ನಾಲ್ಕನೆಯದಕ್ಕೆ ಕೌಂಟರಿನ ಕೆಳಗೆ ಬಗ್ಗಿದ. ಏಳುವಾಗ ಕಪ್ಪು ಗ್ಲಾಸು ಅವನ ಕೈಯಲ್ಲಿತ್ತು, ಮೇಲೆ ದಪ್ಪ ನೊರೆ. ಲೆನ್ ತಟ್ಟೆ ಹಿಡಿದು ಬಂದ. ನೆವಿಲ್ ಗುಟುಕರಿಸಿ, “ಆಹಾ,” ಎಂದ. ಸ್ವಲ್ಪ ಜಾಸ್ತಿಯಾಯಿತೇನೋ ಎಂದು ಕೂಡಲೇ ಅನ್ನಿಸಿತು.

“ಅಷ್ಟು ಚೆನ್ನಾಗಿದೆಯಾ?” ಎಂದ ಸಗ್ಡನ್. “ನಾನು ಮೈಲ್ಡ್ ಕುಡಿದು ಯಾವ ಕಾಲವಾಯ್ತೋ. ನಮ್ಮಪ್ಪ ಕುಡೀತಿದ್ದ. ಕೊಡಿಲ್ಲಿ, ಒಂದು ಗುಟುಕು ನೋಡ್ತೀನಿ.”

ಅವನ ಕೈ ಆಗಲೇ ಮೇಜಿನ ಅರ್ಧ ದಾಟಿತ್ತು. ನೆವಿಲ್ ಗ್ಲಾಸನ್ನು ಎದೆಗೆ ಒತ್ತಿಕೊಂಡ.

“ಬೇಡ. ಬಾಯಲ್ಲಿ ಹುಣ್ಣಾಗಿದೆ.”

“ಏನು?”

“ನಾಲಿಗೆ ಮೇಲೆ. ಅಂಟುತ್ತಂತೆ.”

ಸಗ್ಡನ್ ಕೈ ಹಿಂದಕ್ಕೆ ತೆಗೆದುಕೊಂಡ. “ಹೊಟ್ಟೇಲಿ ಉರಿ, ಬಾಯಲ್ಲಿ ಹುಣ್ಣು. ನಿನ್ನನ್ನ ಪಬ್ಬಿಗಲ್ಲ, ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗಬೇಕು.”

ಡೋರೀನ್ ನಕ್ಕಳು. ನೆವಿಲ್ಲೂ ನಕ್ಕ. ಸಗ್ಡನ್ ಮಾತ್ರ ನಗಲಿಲ್ಲ. ಅವನ ದೃಷ್ಟಿ ಒಮ್ಮೆ ನೆವಿಲ್‌ನ ಗ್ಲಾಸಿಗೆ, ಒಮ್ಮೆ ಕೌಂಟರಿಗೆ ಹೋಗಿ ಬಂತು.

ಮುಂದಿನ ರೈಲು ಸಮಯಕ್ಕೆ ಸರಿಯಾಗಿ ಬಂತು. ಕಿಟಕಿಯಾಚೆ ಕಲ್ಲಿನ ಬೇಲಿಗಳು, ಕಾಲುವೆ, ಛಾವಣಿಯಿಲ್ಲದ ಒಂದು ಗಿರಣಿ ಹಿಂದೆ ಸರಿದವು. ಇನ್ನು ಸ್ಕೌಟನ್, ಆಮೇಲೆ ತನ್ನ ಸರದಿ, ಆಮೇಲೆ ವೀವರ್ಸ್, ಆಮೇಲೆ ಮನೆ ಎಂದು ನೆವಿಲ್ ಒಳಗೊಳಗೇ ಲೆಕ್ಕ ಹಾಕುತ್ತಿದ್ದಾಗ ಗಾರ್ಡ್ ಡಬ್ಬಿಯೊಳಗೆ ಬಂದಳು.

“ಎಲ್ಲರೂ ಕೇಳಿಸ್ಕೊಳ್ಳಿ. ಸ್ಕೌಟನ್ ಹತ್ತಿರ ಹಳಿ ಬದಲಿಸೋ ಯಂತ್ರ ಕೆಟ್ಟಿದೆ. ಈ ಗಾಡಿ ಥಾರ್ಲಿವರೆಗೆ ಮಾತ್ರ. ಅಲ್ಲಿಂದಲೇ ವಾಪಸ್.”

“ಸ್ಕೌಟನ್ನಿಗೆ ಬಸ್ಸು ಬಿಡ್ತಾರಾ?” ನೆವಿಲ್ ಕೇಳಿದ. ಧ್ವನಿ ಅವನಿಗೇ ವಿಚಿತ್ರವಾಗಿ ಕೇಳಿಸಿತು.

“ಕೇಳಿದಾರಂತೆ. ಬರೋವಾಗ ಬರುತ್ತೆ. ನಾನಾದ್ರೆ ಕಾಯಲ್ಲ.”

ಅವಳು ಮುಂದಕ್ಕೆ ಹೋದಳು. ನೆವಿಲ್ ಹಾಳೆ ತೆಗೆದು ಮಂಡಿಯ ಮೇಲೆ ಬಿಚ್ಚಿದ, ನೋಡುವುದಕ್ಕೆ ಏನೂ ಇಲ್ಲದಿದ್ದರೂ. “ಹಾಗಾದ್ರೆ ಇಳಿಯೋದೇ ಬೇಡ. ಇದೇ ಗಾಡೀಲಿ ಕೂತಿದ್ರೆ ಹಾರ್ಡ್‌ಕ್ಲಫ್‌ಗೆ ಹೋಗ್ತೀವಿ. ವೀವರ್ಸ್‌ನಲ್ಲಿ ಕೂತು ಯೋಚನೆ ಮಾಡೋಣ.”

“ಮಧ್ಯಾಹ್ನ ಹನ್ನೆರಡೂವರೆಗೆ ಮನೆಗೆ ಹೋಗೋಣ ಅಂತೀಯ?” ಎಂದ ಸಗ್ಡನ್.

“ಥಾರ್ಲಿ ಎರಡಕ್ಕೇ ತೆಗೆಯೋದು.”

“ಬೆಂಚಿನ ಮೇಲೆ ಕೂತ್ಕೊಳ್ಳೋಣ. ಕುರಿ ಎಣಿಸೋಣ. ನನಗೇನೂ ಅವಸರ ಇಲ್ಲ.”

ಲೆನ್ ಆಗಲೇ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಬೇ ಹಾರ್ಸ್ ನಿಲ್ದಾಣದ ಇಳಿಜಾರಿನ ಕೆಳಗೇ ಇದೆ. ಅದರ ಚಿಮಣಿಯಿಂದ ಹೊಗೆ ಬರುತ್ತಿತ್ತು. ಬಾಗಿಲು ಹಾರುಹೊಡೆದಿತ್ತು. ಒಳಗಿನ ಮಾತಿನ ಸದ್ದು ರಸ್ತೆಗೆ ಕೇಳುತ್ತಿತ್ತು. ಹೊರಗೆ ತೂಗುಹಾಕಿದ ಹಲಗೆಯ ಮೇಲೆ ತೆರೆಯುವ ಸಮಯ ಬಿಳಿ ಬಣ್ಣದಲ್ಲಿತ್ತು, ಬಣ್ಣ ಹಳೆಯದಾಗಿ ಬಿರುಕು ಬಿಟ್ಟಿತ್ತು.

ಸಗ್ಡನ್ ಹಲಗೆಯ ಮುಂದೆ ನಿಂತು ನಿಧಾನವಾಗಿ ಓದಿದ. “ಹನ್ನೆರಡು. ಈ ಚಳಿಗಾಲದಿಂದ ಅಂದೆ ಅಲ್ವಾ?”

“ಮತ್ತೆ ಬದಲಾಯಿಸಿರಬೇಕು.”

“ಈ ಬಣ್ಣ ನನ್ನ ಮದುವೆಗಿಂತ ಹಳೇದು.” ಅವನು ನೆವಿಲ್ ಕಡೆ ತಿರುಗಿದ. “ನೀನು ತಪ್ಪು ಟೈಮ್ ಹೇಳೋನಲ್ಲ. ಏನು ನಡೀತಿದೆ?”

“ಒಳಗೆ ಹೋಗ್ರಪ್ಪ, ಚಳಿ,” ಎಂದು ಡೋರೀನ್ ಇಬ್ಬರನ್ನೂ ತಳ್ಳಿದಳು.

ಬೆಂಕಿಯ ಪಕ್ಕದ ಮೇಜು ಖಾಲಿಯಿತ್ತು. ಮಿಸೆಸ್ ಬೋಮಾಂಟ್ ಕೌಂಟರಿನ ಹಿಂದೆ ಗ್ಲಾಸು ಒರೆಸುತ್ತಿದ್ದಳು. ತೆಳ್ಳಗಿನ, ಬಿಳಿಕೂದಲಿನ ಹೆಂಗಸು. ನೆವಿಲ್‌ನನ್ನು ನೋಡಿದಳು. ಗುರುತು ಹಿಡಿದಳು. ತಲೆಯನ್ನೂ ಆಡಿಸಲಿಲ್ಲ.

“ಈ ಸಲ ನಾನು ತರ್ತೀನಿ,” ಎಂದು ನೆವಿಲ್ ಕೂರದೆ ನಿಂತೇ ಹೇಳಿದ.

“ನನ್ನ ಸರದಿ,” ಎಂದಳು ಡೋರೀನ್.

“ಥಾರ್ಲಿ ನನ್ನದು ಅಂತಿತ್ತಲ್ಲ. ಹಾಳೇಲಿ ಹಾಗೇ ಇದೆ.”

“ಹಾಳೇಲಿ ಏನಾದ್ರೂ ಇರಲಿ. ಎರಡನೇದು ನಂದು. ಇಷ್ಟು ವರ್ಷ ನಂದೇ. ನಾನೇನು ದುಡ್ಡಿಲ್ಲದೆ ಬಂದಿದೀನಾ?” ಅವಳು ಚೀಲ ತೆಗೆದುಕೊಂಡು ಹೊರಟೇಬಿಟ್ಟಳು.

ಅವಳ ಹಿಂದೆ ಹೋಗಲು ನೆವಿಲ್ ಒಂದು ಹೆಜ್ಜೆ ಇಟ್ಟ. ಸಗ್ಡನ್ ಅವನ ಕೋಟಿನ ತೋಳು ಹಿಡಿದ. “ಕೂತ್ಕೋ. ಅವಳಿಗೆ ಅವಮಾನ ಮಾಡಬೇಡ.”

ನೆವಿಲ್ ಕೂತ. ಡೋರೀನ್‌ನ ಮಾತು ಅಲ್ಲಿಂದಲೇ ಕೇಳಿಸಿತು: “ಮೂರು ಬಿಟರ್, ಒಂದು ಮೈಲ್ಡ್ ಕೊಡಮ್ಮ.” ಮಿಸೆಸ್ ಬೋಮಾಂಟ್ ಮೂರು ಗ್ಲಾಸು ತುಂಬಿಸಿದಳು. ನಾಲ್ಕನೆಯ ಗ್ಲಾಸು ಕೈಗೆತ್ತಿಕೊಂಡು, ಡೋರೀನ್‌ನ ಭುಜದಾಚೆಯಿಂದ ನೆವಿಲ್‌ನನ್ನು ನೇರ ನೋಡಿದಳು. ಏನಾದರೂ ಹೇಳುವುದಿದ್ದರೆ ಈಗ ಹೇಳು ಎಂಬ ನೋಟ. ಅವನು ಬಾಯಿ ತೆರೆದ. ಸಗ್ಡನ್ ಎದುರಿಗೇ ಇದ್ದ. ಬಾಯಿ ಮುಚ್ಚಿದ.

ಅವಳು ಮೈಲ್ಡ್ ಪಂಪಿನ ಹಿಡಿಯನ್ನು ಹಿಡಿದು ಎಳೆದಳು. ಒಂದು ಸಲ, ಇನ್ನೊಂದು ಸಲ, ನಿಧಾನವಾಗಿ. ನೆಲಮಾಳಿಗೆಯಿಂದ ಕಪ್ಪು ಬಿಯರು ಮೇಲೆ ಬಂದು ಗ್ಲಾಸು ತುಂಬಿತು.

ತಟ್ಟೆ ಬಂತು. ಡೋರೀನ್ ಒಬ್ಬೊಬ್ಬರ ಮುಂದೆ ಇಟ್ಟಳು. ನೆವಿಲ್ ಮುಂದಿನ ಗ್ಲಾಸಿನ ನೊರೆ ತೆಳುವಾಗಿ, ಕಂದು ಬಣ್ಣಕ್ಕಿತ್ತು. ಹುರಿದ ಧಾನ್ಯದ ವಾಸನೆ, ಸ್ವಲ್ಪ ಬೆಲ್ಲದ ಹಾಗೆ. ಡಬ್ಬಿಯ ಬಿಯರಿಗೆ ಈ ವಾಸನೆ ಇರಲಿಲ್ಲ. ಅವನ ನಾಲಿಗೆಯ ಬುಡದಲ್ಲಿ ನೀರೂರಿತು. ಇಷ್ಟು ತಿಂಗಳು ಮರೆತಿದ್ದೇನೆ ಎಂದುಕೊಂಡದ್ದನ್ನು ಬಾಯಿ ಮರೆತಿರಲಿಲ್ಲ.

“ಎತ್ತಿ,” ಎಂದ ಲೆನ್.

ಮೂರು ಗ್ಲಾಸು ಮೇಲೆದ್ದವು. ನೆವಿಲ್ ತನ್ನದನ್ನೂ ಎತ್ತಿದ. ಒಂದು ಗುಟುಕಿನಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತೂರಾಡುವುದಿಲ್ಲ. ಸೋಮವಾರದ ಹೊತ್ತಿಗೆ ವಾಸನೆಯೂ ಇರುವುದಿಲ್ಲ. ಮಗಳು ಮೂಸಿ ನೋಡುವುದಿಲ್ಲ. ಬರೀ ಕೇಳುತ್ತಾಳೆ, ಅಥವಾ ಕೇಳುವುದೂ ಇಲ್ಲ, ಇವನು ಹೇಳಲಿ ಎಂದು ಕಾಯುತ್ತಾಳೆ. ಆಗ ಅವಳ ಮುಖ ನೋಡಿಕೊಂಡು ಇಲ್ಲ ಎನ್ನಬೇಕು. ಹಲಗೆಯ ಮುಂದೆ ನಿಂತು ಮತ್ತೆ ಬದಲಾಯಿಸಿರಬೇಕು ಎಂದ ಹಾಗೆ.

ಗ್ಲಾಸಿನ ಅಂಚು ಅವನ ಕೆಳತುಟಿಗೆ ತಾಗಿತು. ತಣ್ಣಗಿತ್ತು.

ಅವನು ಅದನ್ನು ಕೆಳಗಿಟ್ಟ. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು.

“ನಾನು ಇದನ್ನ ಕುಡಿಯಲ್ಲ,” ಎಂದ.

“ಹುಳಿಯಾಗಿದೆಯಾ?” ಡೋರೀನ್ ಕೌಂಟರಿನ ಕಡೆ ತಿರುಗಿದಳು. “ಬದಲಾಯಿಸಿ ಕೊಡ್ತಾಳೆ.”

“ಬಿಯರು ಚೆನ್ನಾಗೇ ಇದೆ. ನಾನು ಕುಡಿಯೋದು ಬಿಟ್ಟಿದೀನಿ. ಶರತ್ಕಾಲದಿಂದ.”

ಬೆಂಕಿಯಲ್ಲಿ ಕಟ್ಟಿಗೆಯೊಂದು ಕುಸಿಯಿತು.

ಮೊದಲು ಬಾಯಿ ಬಿಟ್ಟವನು ಲೆನ್. “ಮತ್ತೆ ಕ್ರಾಗ್‌ಫೂಟಲ್ಲಿ ನಾನು ತಂದುಕೊಟ್ಟಿದ್ದು?”

“ಮದ್ಯ ಇಲ್ಲದ್ದು. ಅವನಿಗೆ ಮೊದಲೇ ಹೇಳಿಟ್ಟಿದ್ದೆ.”

“ಆಹಾ ಅಂದ್ಯಲ್ಲೋ.”

“ಅಂದೆ.”

ನೆವಿಲ್ ಎಲ್ಲ ಹೇಳಿದ. ಶಾಲೆಯ ಗೇಟು, ಟೀಚರು, ಬೆವರ್ಲಿಯ ಮಾತು, ಸೋಮವಾರ. ಹಾಳೆಯಲ್ಲಿ ಥಾರ್ಲಿ ಯಾಕೆ ಮೂರನೆಯದು ಎಂಬುದನ್ನೂ ಹೇಳಿದ. ಹೇಳುವಾಗ ಯಾರ ಮುಖವನ್ನೂ ನೋಡದೆ ಚೆಲ್ಲಿದ ಬಿಯರನ್ನು ಬೆರಳಿನಿಂದ ಒರೆಸುತ್ತಿದ್ದ.

“ಗೇಟಿನ ಹತ್ತಿರ, ಎಲ್ಲರ ಮುಂದೇನಾ?” ಎಂದಳು ಡೋರೀನ್ ಮೆಲ್ಲಗೆ.

“ಎಲ್ಲರ ಮುಂದೆ.”

ಸಗ್ಡನ್ ತನ್ನ ಗ್ಲಾಸನ್ನು ಮುಟ್ಟಿರಲಿಲ್ಲ. ಅವನ ಕುತ್ತಿಗೆ ಕೆಂಪಾಗಿತ್ತು. “ಎಷ್ಟು ಜನಕ್ಕೆ ಹೇಳಿದೆ?”

“ಏನು?”

“ನನಗೆ ಹೇಳೋಕೆ ಮೊದಲು ಎಷ್ಟು ಜನಕ್ಕೆ ಹೇಳಿದೆ? ಕ್ರಾಗ್‌ಫೂಟಿನವನಿಗೆ. ಕೌಂಟರಿನ ಹಿಂದಿರೋ ಇವಳಿಗೆ. ಸ್ಕೌಟನ್ನಿನವಳಿಗೆ. ಆ ಸ್ಕೌಟನ್ನಿನವಳ ಹೆಸರಾದ್ರೂ ಗೊತ್ತಾ ನಿನಗೆ?”

“ಇಲ್ಲ.”

“ಹೆಸರು ಗೊತ್ತಿಲ್ಲದ ಹೆಂಗಸಿಗೆ ಫೋನ್ ಮಾಡಿ ಹೇಳ್ತೀಯ. ನಾನು ನಿನ್ನ ಹೆಂಡತಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ನನಗೆ ಬಾಯಿ ಹುಣ್ಣು ಅಂತೀಯ.”

“ಕ್ಲೈವ್‌ಗೆ ನಾವು ಏನು ಮಾಡಿದ್ವಿ ಅಂತ ನೆನಪಿದೆಯಲ್ಲ.”

“ಕ್ಲೈವ್ ಬೇರೆ.”

“ಹೇಗೆ ಬೇರೆ?”

ಡೋರೀನ್ ತನ್ನ ಉಂಗುರ ತಿರುಗಿಸುತ್ತಾ ಕೂತಿದ್ದಳು. “ಬೇರೆ ಏನಿಲ್ಲ,” ಎಂದಳು ಕೊನೆಗೆ. “ಅವನಿಗೂ ನಾವು ಹಾಗೆ ಮಾಡಬಾರದಿತ್ತು. ನಾನೂ ಸುಮ್ಮನೇ ಕೂತಿದ್ದೆ.”

“ಈಗ ಅದಲ್ಲ ಮಾತು,” ಎಂದ ಸಗ್ಡನ್. ಆದರೆ ಧ್ವನಿಯ ಬಿರುಸು ಇಳಿದಿತ್ತು. ಅವನು ತುಂಬಿದ ಮೈಲ್ಡ್ ಗ್ಲಾಸನ್ನು ನೆವಿಲ್ ಮುಂದಿನಿಂದ ತೆಗೆದು ತನ್ನ ಕಡೆ ಎಳೆದುಕೊಂಡ. “ತುಟಿಗೆ ತಾಗಿಸಿದೆಯಲ್ಲ. ನಾನು ನೋಡ್ತಿದ್ದೆ. ಒಳಗೆ ಹೋಯ್ತಾ?”

“ಇಲ್ಲ.”

“ನನ್ನ ಮುಖ ನೋಡಿ ಹೇಳು.”

ನೆವಿಲ್ ತಲೆ ಎತ್ತಿದ. “ಇಲ್ಲ. ತೊಟ್ಟೂ ಹೋಗಿಲ್ಲ.”

ಸಗ್ಡನ್ ತುಂಬ ಹೊತ್ತು ನೋಡಿದ. ಶಾಲೆಯ ಬೆಂಚಿನಿಂದ ನೋಡುತ್ತಾ ಬಂದ ಮುಖ ಅದು. ಹಲಗೆಯ ಮುಂದೆ ಅದು ಸುಳ್ಳು ಹೇಳಿದಾಗ ಹೇಗಿತ್ತು ಎಂಬುದು ಅವನಿಗೆ ಈಗ ತಾನೇ ಗೊತ್ತಾಗಿತ್ತು.

“ಸರಿ. ಇನ್ಯಾರು ಬಾಕಿ?”

“ಯಾವುದಕ್ಕೆ?”

“ಈ ನಾಟಕಕ್ಕೆ. ಸಂಜೆ ವೀವರ್ಸ್. ಅಲ್ಲಿ ನನ್ನ ಸರದಿ. ಗ್ಲೆನ್‌ಗೂ ಹೇಳಿಟ್ಟಿದೀಯ ಅಲ್ವಾ?”

ನೆವಿಲ್ ತಲೆಯಾಡಿಸಿದ.

“ಅವನು ವಾರಪೂರ್ತಿ ನನ್ನ ಮುಂದೆ ನಿಂತು ಹವಾಮಾನ ಮಾತಾಡಿದಾನೆ, ಮಾರಾಯ. ಈ ವಿಷಯ ಬಾಯಿ ಬಿಡಲೇ ಇಲ್ಲ. ಫೋನ್ ಮಾಡು ಅವನಿಗೆ. ಏರ್ಪಾಡು ರದ್ದು ಅನ್ನು. ಇಲ್ಲೇ, ನಾವು ಕೇಳೋ ಹಾಗೆ.”

“ಹೋಗಲಿ ಬಿಡೋ,” ಎಂದ ಲೆನ್.

“ಬಿಡಲ್ಲ. ಇವನು ನನ್ನ ಸರದೀಲಿ ನನ್ನ ಕೈಯಿಂದ ಸುಳ್ಳು ಗ್ಲಾಸು ತರಿಸೋನಿದ್ದ. ನಾನು ಕೌಂಟರಿಗೆ ಹೋಗಿ ನನ್ನ ಬಾಯಲ್ಲೇ ಕೇಳ್ತೀನಿ, ಮೂರು ಬಿಟರ್, ಒಂದು ಮದ್ಯ ಇಲ್ಲದ್ದು ಅಂತ. ಗ್ಲೆನ್ ಮುಖ ಆಗ ಹೇಗಾಗುತ್ತೆ ನೋಡಬೇಕು. ಮಾಡು.”

ನೆವಿಲ್ ಫೋನ್ ತೆಗೆದ. ಬೆರಳು ಎರಡು ಸಲ ತಪ್ಪು ಕಡೆ ಒತ್ತಿತು. ಮೂರನೇ ಸಲ ಗಂಟೆ ಹೋಯಿತು. ಕೌಂಟರಿನ ಹಿಂದೆ ಮಿಸೆಸ್ ಬೋಮಾಂಟ್ ಒರೆಸುವುದನ್ನು ನಿಲ್ಲಿಸಿದ್ದಳು.

“ಗ್ಲೆನ್, ನಾನು ನೆವಿಲ್. ಥಾರ್ಲೀಲಿದೀವಿ. ರೈಲು ಮುಂದೆ ಹೋಗಲ್ಲ... ಅದಲ್ಲ. ಸಂಜೆ ವಿಷಯ. ನೀನು ಬಚ್ಚಿಟ್ಟು ಸುರಿಯೋದು ಬೇಡ. ಎಲ್ಲರ ಮುಂದೇನೇ ಸುರಿ.” ಆ ಕಡೆಯಿಂದ ಪ್ರಶ್ನೆ ಬಂದಿರಬೇಕು. ಅವನು ಮೂವರನ್ನೂ ಒಮ್ಮೆ ನೋಡಿದ. “ಹೌದು, ಗೊತ್ತಾಯ್ತು. ಇಲ್ಲ, ಸಿಕ್ಕಿಬೀಳಲಿಲ್ಲ. ನಾನೇ ಹೇಳಿದೆ.”

ಸಗ್ಡನ್ ಮೇಜಿನಾಚೆಯಿಂದ ಕೈ ಚಾಚಿದ.

“ಕೊಡಿಲ್ಲಿ ಆ ಫೋನು,” ಎಂದ. “ಅವನ ಹತ್ರ ನನಗೂ ಸ್ವಲ್ಪ ಮಾತಾಡೋದಿದೆ.”